ಶಿಫಾರಸು ಯಾರದು?

ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಬಗ್ಗೆ ನಮ್ಮಲ್ಲಿ ಮತ್ತೆ ಮತ್ತೆ ಬರೆಯುವುದು ಎರಡೇ ಸಂಗತಿ: 1989ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಮಗಳು, ಹಿರಿತನದ ಕ್ರಮ ತಪ್ಪದಿದ್ದರೆ 2027ರಲ್ಲಿ 36 ದಿನ ಆ ಸ್ಥಾನಕ್ಕೇರುವ ಮೊದಲ ಮಹಿಳೆ. ತಂದೆಯ ಹೆಸರು ಮತ್ತು ಇನ್ನೂ ಬಾರದ ಪದವಿ, ಇವೆರಡರ ನಡುವೆ ಅವರ ಬರವಣಿಗೆಯನ್ನು ಓದುವವರೇ ಇಲ್ಲವಾಗಿದ್ದಾರೆ. ನೋಟು ರದ್ದತಿ ಪ್ರಕರಣದಲ್ಲಿ 2023ರ ಜನವರಿ 2ರಂದು ಅವರು ಕೊಟ್ಟ ಭಿನ್ನ ತೀರ್ಪೊಂದೇ ಅವರ ಯೋಗ್ಯತೆ ಅಳೆಯಲು ಸಾಕು. ಐವರ ಪೀಠದಲ್ಲಿ ಅವರೂ ಸೇರಿ ಮೂವರು ಕರ್ನಾಟಕದವರು. ಒಪ್ಪದೆ ಉಳಿದವರು ಅವರೊಬ್ಬರೇ.

ರಿಸರ್ವ್ ಬ್ಯಾಂಕ್ ಕಾಯ್ದೆಯ ಕಲಂ 26(2)ರ ಪ್ರಕಾರ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಆಮೇಲೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ನಡೆದದ್ದೇನು? 2016ರ ನವೆಂಬರ್ 7ರಂದು ಸರ್ಕಾರವೇ ಪತ್ರ ಬರೆಯಿತು. ಮರುದಿನ ಸಂಜೆ ಮಂಡಳಿ ಒಪ್ಪಿತು. ಅದೇ ರಾತ್ರಿ 8ಕ್ಕೆ ಘೋಷಣೆಯಾಯಿತು. ಆರು ತಿಂಗಳ ಸಮಾಲೋಚನೆ ನಡೆದಿತ್ತೆಂದು ಬಹುಮತದ ತೀರ್ಪು ಸಮಾಧಾನಪಟ್ಟಿತು. ಕೇಳಿದ್ದಕ್ಕೆ ಹೂಂ ಅನ್ನುವುದು ಶಿಫಾರಸಲ್ಲ ಎಂಬುದು ನಾಗರತ್ನ ಅವರ ವಾದದ ತಿರುಳು. ಆಲೋಚನೆ ಸರ್ಕಾರದ್ದಾದರೆ ಸಂಸತ್ತು ಕಾನೂನು ಮಾಡಲಿ, ಗುಟ್ಟು ಬೇಕಿದ್ದರೆ ಸುಗ್ರೀವಾಜ್ಞೆ ಬರಲಿ ಎಂದರು. 1946ರಲ್ಲೂ 1978ರಲ್ಲೂ ಆದದ್ದು ಹಾಗೆಯೇ. ಗುಟ್ಟು ರಟ್ಟಾಗುತ್ತಿತ್ತು ಎಂಬ ಆಕ್ಷೇಪ ಇಲ್ಲಿಗೇ ಬಿದ್ದುಹೋಗುತ್ತದೆ.

ಇದು ಬರೀ ತಾಂತ್ರಿಕ ತಕರಾರು ಎನ್ನುವ ವಿಮರ್ಶಕರು ಪಾವಗಡ, ಮಧುಗಿರಿಯ ಕಡಲೆಕಾಯಿ ವ್ಯಾಪಾರವನ್ನೂ ಶಿರಾದ ಕುರಿ ಸಂತೆಯನ್ನೂ ನೆನೆಯಬೇಕು. ಅಲ್ಲಿ ಕೈಯಿಂದ ಕೈಗೆ ನೋಟು ದಾಟಿದರೇ ವ್ಯವಹಾರ. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇ 86ರಷ್ಟು ಒಂದೇ ರಾತ್ರಿ ರದ್ದಾದಾಗ ಶಿರಾ, ಪಾವಗಡಗಳನ್ನು ಪ್ರತಿನಿಧಿಸುವ ಚಿತ್ರದುರ್ಗದ ಸಂಸದರಾಗಲಿ, ಮಧುಗಿರಿ, ಕೊರಟಗೆರೆಗಳನ್ನು ಪ್ರತಿನಿಧಿಸುವ ತುಮಕೂರಿನ ಸಂಸದರಾಗಲಿ ಆ ಬಗ್ಗೆ ಮತ ಹಾಕಿರಲಿಲ್ಲ. ಈ ಊರುಗಳ ಪಾಲಿಗೆ ಸಂಸತ್ತನ್ನು ಬದಿಗಿಟ್ಟದ್ದೇ ಮೊದಲ ಅನ್ಯಾಯ.

ಆರು ವರ್ಷದ ಬಳಿಕ ಹಳೆಯ ನೋಟಿಗೆ ಜೀವ ಬರಿಸಲಾಗದು ಎಂದು ಅವರು ತೀರ್ಪನ್ನು ಮುಂದಿನ ಕಾಲಕ್ಕಷ್ಟೇ ಅನ್ವಯಿಸಿದರು. ನಷ್ಟಪಟ್ಟವರಿಗೆ ಏನಾದರೂ ದಾರಿ ತೋರಬಹುದಿತ್ತು, ಅದು ಕೊರತೆಯೇ. ಆದರೆ ಅವರನ್ನು ಸರ್ಕಾರ ವಿರೋಧಿ ಎಂದು ಹೊಗಳುವವರೂ ತೆಗಳುವವರೂ ತೀರ್ಪನ್ನು ಓದಿಲ್ಲ. ನೋಟು ರದ್ದತಿಯ ಉದ್ದೇಶ ಒಳ್ಳೆಯದೆಂದೇ ಅವರು ಬರೆದಿದ್ದಾರೆ. 2024ರ ಜುಲೈ 25ರ ಖನಿಜ ತೆರಿಗೆ ಪ್ರಕರಣದಲ್ಲಿ ಒಂಬತ್ತು ಮಂದಿಯ ಪೀಠದಲ್ಲಿ ಮತ್ತೆ ಒಬ್ಬರೇ ನಿಂತರು, ಆಗ ಅವರ ನಿಲುವು ಕೇಂದ್ರದ ವಾದಕ್ಕೆ ಅನುಕೂಲವಾಗಿತ್ತು.