ಇಮಾಂಸಾಬಿಗೂ ಗೋಕುಲಾಷ್ಟಮಿಗೂ ಇರುವ ಸಂಬಂಧ

'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂಬುದೂ ಒಂದು ಗಾದೆಯೇ. ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವವನ ಮಾತನ್ನು ಯಾವ ನ್ಯಾಯಾಲಯವೂ ಸುಮ್ಮನೆ ಒಪ್ಪುವುದಿಲ್ಲ. ಗಾದೆಯನ್ನು ಪಾಟೀಸವಾಲಿಗೆ ನಿಲ್ಲಿಸುವ ಕೆಲಸವನ್ನು ನಮ್ಮ ಲೇಖಕರು ಮಾಡಿದ್ದಾರೆ. ಎಷ್ಟೋ ಸಲ ಅದು ಕೃತಿಯ ಶೀರ್ಷಿಕೆಯಲ್ಲೇ ಶುರುವಾಗುತ್ತದೆ.

ಗಾದೆಗೆ ಕರ್ತೃವಿಲ್ಲ, ಆದರೆ ನೆಲವಿದೆ. ಚಿಕ್ಕಬಳ್ಳಾಪುರದ ಬಯಲಿನಲ್ಲಿ ನಿಂತು ನಂದಿಬೆಟ್ಟವನ್ನು ನೋಡಿದವರಿಗೆ 'ದೂರದ ಬೆಟ್ಟ ನುಣ್ಣಗೆ' ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1478 ಮೀಟರ್ ಎತ್ತರದ ಆ ಬೆಟ್ಟ ದೂರಕ್ಕೆ ನಯವಾಗಿ ಕಾಣುತ್ತದೆ. ಹತ್ತಿರ ಹೋದರೆ ಬರೀ ಬಂಡೆ, ಬಿರುಕು, ಮುಳ್ಳು. ಆಂಧ್ರದ ಹಿಂದೂಪುರಕ್ಕೆ ಹತ್ತಿರವಿರುವ ಗೌರಿಬಿದನೂರಿನ ಕಡೆಯ ತೆಲುಗಿನವರಿಗೆ ಇದೇ ಮಾತು 'ದೂರಪು ಕೊಂಡಲು ನುನುಪು'. ಉರ್ದುವಿಗೆ ಬಂದರೆ ಬೆಟ್ಟ ಹೋಗಿ ಡೋಲು ಬರುತ್ತದೆ: 'ದೂರ್ ಕೆ ಢೋಲ್ ಸುಹಾನೆ'. ಒಂದು ಭಾಷೆ ಕಣ್ಣಿಗಾದ ಮೋಸವನ್ನು ಹೇಳಿದರೆ ಇನ್ನೊಂದು ಕಿವಿಗಾದ ಮೋಸವನ್ನು ಹೇಳುತ್ತದೆ. ಅನುಭವ ಮಾತ್ರ ಒಂದೇ.

ತ್ರಿವೇಣಿ (1928-1963) ತಮ್ಮ ಕಾದಂಬರಿಯೊಂದಕ್ಕೆ 'ದೂರದ ಬೆಟ್ಟ' ಎಂದು ಹೆಸರಿಟ್ಟರು. 'ನುಣ್ಣಗೆ' ಎಂಬುದನ್ನು ಓದುಗರಿಗೇ ಬಿಟ್ಟರು. 'ಹಣ್ಣೆಲೆ ಚಿಗುರಿದಾಗ' ಎಂಬಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಾದೆಯಲ್ಲಿ ಹಣ್ಣೆಲೆ ಉದುರುತ್ತದೆ, ಚಿಗುರೆಲೆ ನಗುತ್ತದೆ. ತ್ರಿವೇಣಿ ಹಣ್ಣೆಲೆಯನ್ನೇ ಚಿಗುರಿಸಿದರು. ವಿಧವಾ ವಿವಾಹದ ಪ್ರಶ್ನೆಯನ್ನೆತ್ತುವ, 1968ರಲ್ಲಿ ಚಲನಚಿತ್ರವೂ ಆದ ಆ ಕಾದಂಬರಿಯ ವಾದವೆಲ್ಲ ಈ ಎರಡು ಪದಗಳಲ್ಲಿದೆ. ಗಾದೆಯನ್ನು ಅಲಂಕಾರಕ್ಕೆ ಬಳಸುವುದಕ್ಕೂ ತಿದ್ದುವುದಕ್ಕೂ ಇರುವ ವ್ಯತ್ಯಾಸ ಇದು.

ಚಿಕ್ಕಬಳ್ಳಾಪುರದ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ (1936-2020) 1964ರ ಸಂಕಲನಕ್ಕೆ 'ನೆನೆದವರ ಮನದಲ್ಲಿ' ಎಂಬ ಆಡುಮಾತನ್ನೇ ಹೆಸರಾಗಿಸಿದರು. ಅವರ 'ಕುರಿಗಳು ಸಾರ್ ಕುರಿಗಳು' ಪಯಣಿಸಿದ್ದು ತಿರುಗುಮುರುಗಾಗಿ. ಅದು ಕವಿತೆಯ ಹೆಸರಾಗಿ ಹುಟ್ಟಿ ಜನರ ಬಾಯಲ್ಲಿ ನಾಣ್ಣುಡಿಯಾಯಿತು. ಕವಿತೆಯನ್ನು ಓದದವರೂ ಆ ಮಾತನ್ನು ಆಡುತ್ತಾರೆ.

ಕನ್ನಡಕ್ಕೆ ಮುಸ್ಲಿಂ ಕವಿ ಕೊಟ್ಟ ನಾಣ್ಣುಡಿ ಇದಾದರೆ, ಮುಸ್ಲಿಮನ ಬಗ್ಗೆ ಕನ್ನಡ ಕಟ್ಟಿಕೊಂಡ ಹೆಸರಾಂತ ಗಾದೆ ಯಾವುದು? 'ಗೋಕುಲಾಷ್ಟಮಿಗೂ ಇಮಾಂಸಾಬಿಗೂ ಏನು ಸಂಬಂಧ?' ಇದನ್ನು ಆಡುವವರೆಲ್ಲ ದ್ವೇಷದಿಂದ ಆಡುತ್ತಾರೆಂದಲ್ಲ. ಎರಡು ಸಂಗತಿಗಳಿಗೆ ತಾಳಮೇಳವಿಲ್ಲ ಎನ್ನಲು ಒಂದು ಉದಾಹರಣೆ ಬೇಕಿತ್ತು, ಇಮಾಂಸಾಬಿ ಕೈಗೆ ಸಿಕ್ಕಿದ, ಅಷ್ಟೆ. ಆದರೆ 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ನಿರಾಕರಿಸಿದಾಗ ಅದೇ ಪ್ರಶ್ನೆ ತಮಾಷೆಯಾಗಿ ಉಳಿಯಲಿಲ್ಲ.

ಸಂಬಂಧದ ಪ್ರಶ್ನೆಯನ್ನು ಅಲ್ಲಮಪ್ರಭುವೂ ಕೇಳಿದ್ದಾನೆ. ಮಾಮರಕ್ಕೂ ಕೋಗಿಲೆಗೂ ನಂಟು ಬೆಸೆದದ್ದು ಹೇಗೆ ಎಂಬುದು ಅವನ ಬೆರಗು. ಅಲ್ಲಿ ಪ್ರಶ್ನೆ ಬಾಗಿಲು ತೆರೆಯುತ್ತದೆ, ಗಾದೆಯಲ್ಲಿ ಅದೇ ಪ್ರಶ್ನೆ ಬಾಗಿಲು ಮುಚ್ಚುತ್ತದೆ.

ಗಾದೆಗೆ ಉತ್ತರ ಬೇಕಾದವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಲಿ. ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ರೈತ ಅಲ್ಲಿಗೆ ಗೂಡು ತರುತ್ತಾನೆ. ಕೊಳ್ಳುವ ರೀಲರುಗಳಲ್ಲಿ ಬಹಳ ಮಂದಿ ಮುಸ್ಲಿಮರು. ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಬಿಚ್ಚುವವರಲ್ಲಿ ಬಡ ಮುಸ್ಲಿಂ ಹೆಂಗಸರೂ ಇದ್ದಾರೆ. ಆ ನೂಲು ಸೀರೆಯಾಗಿ ಹಬ್ಬದ ಮನೆಗೆ ಹೋಗುತ್ತದೆ. ಗೋಕುಲಾಷ್ಟಮಿಯ ದಿನ ಉಡುವ ರೇಷ್ಮೆಯಲ್ಲಿ ಇಮಾಂಸಾಬಿಯ ಎಳೆ ಇಲ್ಲವೆಂದು ಯಾರು ಪ್ರಮಾಣ ಮಾಡಿಯಾರು? ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಬರುವ ಹಿಂದೂಗಳೂ ಈ ಪ್ರಶ್ನೆಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟಿದ್ದಾರೆ.

ಹಾಗೆಂದು ಈ ಗಾದೆಯನ್ನು ನಿಷೇಧಿಸಬೇಕಾಗಿಲ್ಲ. ಗಾದೆಗಳು ನಿಷೇಧಕ್ಕೆ ಸಾಯುವುದಿಲ್ಲ, ತಿದ್ದುಪಡಿಗೆ ಬಗ್ಗುತ್ತವೆ. ತ್ರಿವೇಣಿ ಹಣ್ಣೆಲೆಗೆ ಮಾಡಿದ್ದನ್ನು ಇಮಾಂಸಾಬಿಗೂ ಮಾಡಬಹುದು: 'ಏನು' ಎಂಬುದನ್ನು ಕಿತ್ತು, ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿ ನೋಡಿ. ಉಳಿಯುವುದು ಸಂಬಂಧ.