ವಚನಕ್ಕೊಂದು ನೋಟು

ಅಮೆರಿಕದ ಕ್ರೈಸ್ತ ಸಭೆಗಳಲ್ಲಿ ವಾರಕ್ಕೊಂದು ಸಂಜೆ ನಡೆಯುವ ಮಕ್ಕಳ ಕ್ಲಬ್ಬುಗಳ ಪೈಕಿ ಅವಾನಾ ತುಂಬ ಹೆಸರಾದದ್ದು. ಲ್ಯಾನ್ಸ್ ಲೇಥಮ್ ಮತ್ತು ಆರ್ಟ್ ರೋರೈಮ್ 1950ರಲ್ಲಿ ಶಿಕಾಗೋದಲ್ಲಿ ಇದನ್ನು ಕಟ್ಟಿದರು. ಸಂಜೆಯ ಹೊತ್ತು ಮೂರು ಪಾಲಾಗುತ್ತದೆ: ಆಟ, ಹ್ಯಾಂಡ್‌ಬುಕ್, ಎಲ್ಲರೂ ಕೂಡಿ ಕೇಳುವ ಪಾಠ. ಮಗು ಬೈಬಲ್ ವಚನವನ್ನು ಬಾಯಿಪಾಠ ಮಾಡಿ ಲೀಡರಿಗೆ ಒಪ್ಪಿಸುತ್ತದೆ, ಅವರು ಹ್ಯಾಂಡ್‌ಬುಕ್ಕಿನಲ್ಲಿ ಸಹಿ ಹಾಕುತ್ತಾರೆ. ಸ್ಪಾರ್ಕ್ಸ್ ಎಂಬ ಚಿಕ್ಕ ಮಕ್ಕಳ ಗುಂಪಿನಲ್ಲಿ ಕೆಂಪು ವೆಸ್ಟಿನ ಮೇಲೆ ಪದಕಗಳು ಏರುತ್ತವೆ. ಅನೇಕ ಸಭೆಗಳಲ್ಲಿ ಇದರ ಮೇಲೆ ಇನ್ನೊಂದು ಏರ್ಪಾಡೂ ಉಂಟು. ಹಾಜರಿಗೆ, ಬೈಬಲ್ ತಂದದ್ದಕ್ಕೆ, ಗೆಳೆಯನನ್ನು ಕರೆತಂದದ್ದಕ್ಕೆ, ಒಪ್ಪಿಸಿದ ವಚನಕ್ಕೆ ‘ಷೇರು’ ಎಂಬ ಆಟದ ನೋಟು ಸಿಗುತ್ತದೆ. ಅದನ್ನು ಕೊಟ್ಟು ಆಟಿಕೆ, ಮಿಠಾಯಿ ಕೊಳ್ಳಲು ಸಭೆಯಲ್ಲೇ ಒಂದು ಅಂಗಡಿ ತೆರೆಯುತ್ತಾರೆ.

ಕ್ಲಬ್ಬು ಇರಲಿ, ಆ ಅಂಗಡಿ ಮುಚ್ಚಲಿ ಎಂಬುದು ನನ್ನ ಅಭಿಪ್ರಾಯ.

ಈ ಲೇವಾದೇವಿ ಅವಾನಾಕ್ಕಿಂತ ಹಳೆಯದು. 1876ರಲ್ಲಿ ಬಂದ ‘ಟಾಮ್ ಸಾಯರ್’ ಕಾದಂಬರಿಯಲ್ಲಿ ಮಾರ್ಕ್ ಟ್ವೇನ್ ಅದರ ಲೆಕ್ಕವನ್ನೇ ಬಿಡಿಸಿಟ್ಟಿದ್ದಾನೆ. ಟಾಮ್ ಹೋಗುವ ಸಂಡೇ ಸ್ಕೂಲಿನಲ್ಲಿ ಎರಡು ವಚನಕ್ಕೆ ಒಂದು ನೀಲಿ ಟಿಕೆಟ್ಟು, ಹತ್ತು ನೀಲಿಗೆ ಒಂದು ಕೆಂಪು, ಹತ್ತು ಕೆಂಪಿಗೆ ಒಂದು ಹಳದಿ, ಹತ್ತು ಹಳದಿಗೆ ಒಂದು ಬೈಬಲ್. ಅಂದರೆ ಎರಡು ಸಾವಿರ ವಚನ. ಟಾಮ್ ಗೆಳೆಯರಿಂದ ಟಿಕೆಟ್ಟುಗಳನ್ನು ಅದಲುಬದಲು ಮಾಡಿಕೊಂಡು ಬಹುಮಾನ ಪಡೆಯುತ್ತಾನೆ. ಯೇಸುವಿನ ಮೊದಲ ಇಬ್ಬರು ಶಿಷ್ಯರ ಹೆಸರು ಕೇಳಿದಾಗ ದಾವೀದ, ಗೊಲ್ಯಾತ ಎನ್ನುತ್ತಾನೆ. ಓದುಗರು ಇಲ್ಲಿ ಹುಡುಗನ ತುಂಟತನ ಕಂಡು ನಗುತ್ತಾರೆ. ನನಗಂತೂ ಹುಡುಗನ ಮೇಲೆ ತಪ್ಪು ಹೊರಿಸಲು ಮನಸ್ಸಾಗದು. ಟಿಕೆಟ್ಟಿಗೆ ಬೆಲೆ ಕಟ್ಟಿದವರು ದೊಡ್ಡವರು, ಅವನು ಆ ಬೆಲೆಯನ್ನು ಸರಿಯಾಗಿ ಅರ್ಥಮಾಡಿಕೊಂಡ.

ಇದು ಬರೀ ಕಥೆಯ ಮಾತಲ್ಲ. ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ನಡೆದದ್ದು. ತಾವಾಗಿಯೇ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಬಿಡಿಸಲು ಹಚ್ಚಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು, ಉಳಿದವರಿಗೆ ಕೊಡಲೇ ಇಲ್ಲ. ವಾರಗಳು ಕಳೆದ ಮೇಲೆ ನೋಡಿದರೆ, ಮೊದಲೇ ಆಸೆ ಹುಟ್ಟಿಸಿದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಹೇಳದೆ ಬಹುಮಾನ ಪಡೆದವರ ಉತ್ಸಾಹ ಕುಂದಿರಲಿಲ್ಲ. ಕೆಡಿಸಿದ್ದು ಬಹುಮಾನವಲ್ಲ, ಮುಂಚೆಯೇ ಕುದುರಿಸಿದ ಕರಾರು. ಷೇರಿನ ನೋಟು ಅಂಥದೇ ಕರಾರು.

ಅದಕ್ಕಿಂತ ನನ್ನನ್ನು ಕಾಡುವುದು ನ್ಯಾಯದ ಪ್ರಶ್ನೆ. ಮನೆಯಲ್ಲಿ ಅಪ್ಪ ಅಮ್ಮ ಕೂತು ವಚನ ಹೇಳಿಸುವ ಮಗುವಿನ ಜೇಬು ತುಂಬುತ್ತದೆ. ಪಕ್ಕದ ಮನೆಯ ಗೆಳೆಯನ ಜೊತೆ ಬಂದ, ಓದಲು ತಡವರಿಸುವ ಮಗು ಅಂಗಡಿಯ ಮುಂದೆ ಬರಿಗೈಲಿ ನಿಲ್ಲುತ್ತದೆ. ಕ್ಲಬ್ಬು ನಡೆಸುವುದೇ ಈ ಎರಡನೆಯ ಮಗುವಿಗಾಗಿ ಅಲ್ಲವೇ? ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ತೋಟದ ಯಜಮಾನ, ಬೆಳಗ್ಗೆ ಬಂದ ಆಳಿಗೂ ಸಂಜೆ ಬಂದ ಆಳಿಗೂ ಒಂದೇ ಕೂಲಿ ಕೊಟ್ಟ. ಅದೇ ಅಧ್ಯಾಯದ ವಚನ ಒಪ್ಪಿಸಿದ್ದಕ್ಕೆ ಒಬ್ಬನಿಗೆ ಹೆಚ್ಚು ನೋಟು, ಇನ್ನೊಬ್ಬನಿಗೆ ಕಡಿಮೆ ಕೊಟ್ಟರೆ ಮಗು ಯಾವುದನ್ನು ನಂಬಬೇಕು?

ಅವಾನಾದಲ್ಲಿ ನಿಜವಾಗಿ ಬೆಲೆಬಾಳುವುದು ಹ್ಯಾಂಡ್‌ಬುಕ್ಕಿನ ಹೊತ್ತು. ತನ್ನ ಹೆಸರು ಬಲ್ಲ ಹಿರಿಯರೊಬ್ಬರು ಎದುರು ಕೂತು, ತಡವರಿಸಿದಾಗ ಕಾದು, ತಾನು ಹೇಳುವುದನ್ನು ಕೊನೆಯವರೆಗೆ ಕೇಳುತ್ತಾರೆ. ಇಂಥ ಗಮನ ಅನೇಕ ಮಕ್ಕಳಿಗೆ ವಾರದಲ್ಲಿ ಬೇರೆಲ್ಲೂ ಸಿಗುವುದಿಲ್ಲ. ನೋಟು ಎಣಿಸುವ ಗಡಿಬಿಡಿಯಲ್ಲಿ ಸವೆಯುವುದು ಇದೇ ಹೊತ್ತು.

ಕರ್ನಾಟಕದ ಸಭೆಗಳಲ್ಲೂ ಸಂಡೇ ಸ್ಕೂಲಿಗೆ, ಬೇಸಿಗೆ ರಜೆಯ ವಿಬಿಎಸ್‌ಗೆ (ವೆಕೇಶನ್ ಬೈಬಲ್ ಸ್ಕೂಲಿಗೆ) ಬಾಯಿಪಾಠದ ಬಹುಮಾನ, ಹಾಜರಿಯ ಬಹುಮಾನ ಹೊಸದಲ್ಲ. ಟೀಚರುಗಳಲ್ಲಿ ನನ್ನ ವಿನಂತಿ ಇಷ್ಟೆ: ಬಹುಮಾನ ಕೊಡಿ, ದರಪಟ್ಟಿ ಹಾಕಬೇಡಿ. ತರಗತಿಯೆಲ್ಲ ಕೂಡಿ ಒಂದು ಕೀರ್ತನೆ ಕಲಿತರೆ ಎಲ್ಲರಿಗೂ ಹಂಚಿ. ಅಂಗಡಿಗೆ ತೆಗೆದಿಟ್ಟ ದುಡ್ಡಿನಲ್ಲಿ ಬೈಬಲ್ ಇಲ್ಲದ ಮಗುವಿಗೆ ಒಂದು ಬೈಬಲ್ ಕೊಡಿಸಿ, ಎರಡು ಸಾವಿರ ವಚನ ಕೇಳದೆ.