ಹಕ್ಕಿಗಿಟ್ಟ ನೀರು, ಬಾಗಿಲಿಗೆ ಬಂದ ಜೋಳಿಗೆ

ಜೋಳದ ಹೊಲಕ್ಕಿಳಿದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸಬೇಕಾದವರು, ತಿನ್ನಲಿ ಎಂದು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರಂತೆ. ಜೇವರ್ಗಿ ಸೀಮೆಯ ಅರಳಗುಂಡಗಿಯ ಶರಣಬಸವೇಶ್ವರರ (1746–1822) ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ನೀರು. ಕೊನೆಗೆ ರಾಶಿಯೇ ಹೆಚ್ಚಾಯಿತೆಂದು ಪವಾಡ ಸೇರಿಸಿದ ಕೂಡಲೇ ಒಳ್ಳೆಯತನಕ್ಕೆ ಬಡ್ಡಿ ಸಿಕ್ಕಂತಾಗುತ್ತದೆ.

ದೇವರನ್ನು ನಂಬದೆ ಹೀಗೆ ಬದುಕಲು ಬಾರದೆ? ಇಂಥ ದಾಸೋಹವನ್ನು ಬರೀ ಅನ್ನದಾನ ಎಂದುಕೊಂಡರೆ ಉತ್ತರ ಸುಲಭ. ಶರಣರ ವಾದ ಬೇರೆ: ಬೆಳೆದದ್ದು ಲಿಂಗದ್ದು, ನೀಡುವವನು ದಾಸ, ‘ನಾನು ಕೊಟ್ಟೆ’ ಎನ್ನಲು ಜಾಗವೇ ಇಲ್ಲ. ಅಂದರೆ ಇಲ್ಲಿ ದೇವರು ಬೇಕಾದದ್ದು ಹಸಿದವನಿಗಲ್ಲ, ಕೊಡುವವನಿಗೆ, ಅವನ ಗರ್ವ ಇಳಿಸಲಿಕ್ಕೆ. ತೂಕದ ಮಾತೇ. ಆದರೆ ನಮ್ಮ ಗುಡಿಗಳಲ್ಲಿ ಕತ್ತೆತ್ತಿ ನೋಡಿ, ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು. ಲಿಂಗದ ಎದುರಿಗೇ!

ಪಕ್ಕದ ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯಲ್ಲಿ, ಸುಮಾರು ಎರಡು ಸಾವಿರ ವರ್ಷದ ಹಿಂದೆ ಬೌದ್ಧ ಸ್ತೂಪಕ್ಕೆ ಕೊಟ್ಟವರೂ ಕಲ್ಲಿನಲ್ಲಿ ಹೆಸರು ಕೆತ್ತಿಸಿದ್ದಾರೆ. ಸೃಷ್ಟಿಕರ್ತನನ್ನು ಒಪ್ಪದ ಧರ್ಮ ಅದು. ಕೊಡುವ ಕೈಯೂ ಹೆಸರಿನ ಆಸೆಯೂ ದೇವರನ್ನು ಕೇಳಿ ಹುಟ್ಟಿದ್ದಲ್ಲ.

ನಂಬಿದ ಮಾತ್ರಕ್ಕೆ ಮನುಷ್ಯ ಬಾಗುತ್ತಾನೆಂದೂ ಇಲ್ಲ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯ ಶಿವಲಿಂಗವಿದೆ. 2022ರ ಶಿವರಾತ್ರಿಗೆ ಅಲ್ಲಿ ಕಲ್ಲು ತೂರಾಟ. 2025ರಲ್ಲಿ 15 ಜನ ಪೂಜೆ ಮಾಡಲು ಹೈಕೋರ್ಟಿನ ಅನುಮತಿ. ತಕರಾರು ನಾಸ್ತಿಕರದ್ದಲ್ಲ.

ಇಷ್ಟಾದರೂ ನಂಬಿಕೆಯನ್ನು ನಾನು ತಳ್ಳಿಹಾಕಲಾರೆ, ಅಫಜಲಪುರ ತಾಲೂಕಿನ ಗಾಣಗಾಪುರ ನೋಡಿದ ಮೇಲೆ. ದತ್ತ ಮಧ್ಯಾಹ್ನ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬುದು ಅಲ್ಲಿಯ ನಂಬಿಕೆ. ಅದಕ್ಕೇ ಮಧುಕರಿ: ಉಳ್ಳವರೂ ಜೋಳಿಗೆ ಹಿಡಿದು ಐದು ಮನೆಯ ಮುಂದೆ ನಿಲ್ಲುತ್ತಾರೆ. ಕೊಟ್ಟೇ ರೂಢಿಯಾದ ಕೈ ಚಾಚುವುದನ್ನು ಕಲಿಯುತ್ತದೆ. ನೀಡುವವರಿಗೂ ಎದುರಿಗಿರುವವನು ಯಾರೋ ಎಂಬ ಅಳುಕು. ಯಾರನ್ನೂ ಬರಿಗೈಲಿ ಕಳಿಸುವಂತಿಲ್ಲ. ಯಾವ ನೀತಿಬೋಧೆ ಇಷ್ಟು ಸಲೀಸಾಗಿ ಮನುಷ್ಯನನ್ನು ಬಾಗಿಸೀತು? ಕೊರತೆ ಒಂದೇ, ದತ್ತನಿಗೆ ನಾವು ಗೊತ್ತುಮಾಡಿದ ಹೊತ್ತು ಮಧ್ಯಾಹ್ನ. ಸಂಜೆ ಬಸ್ ನಿಲ್ದಾಣದಲ್ಲಿ ಮುದುಕಿಯೊಬ್ಬಳು ಕೈಚಾಚಿದರೆ ‘ಮುಂದ ಹೋಗಬೇ’ ಅನ್ನುತ್ತೇವೆ. ನಾನೂ ಅಂದಿದ್ದೇನೆ.